ಡಾಂಬರು ಮುಗಿದ ಮೇಲೆ

"ಲಡಾಖ್‌ಗೆ ಯಾವಾಗ ಸಾರ್?"

ಬಂಗಾರಪೇಟೆಯಲ್ಲಿ ನಾನು ಬೈಕು ನಿಲ್ಲಿಸಿದ ಕಡೆಯೆಲ್ಲ ಈ ಪ್ರಶ್ನೆ ಬರುತ್ತದೆ. ಪೆಟ್ರೋಲ್ ಬಂಕಿನ ಹುಡುಗ ಟ್ಯಾಂಕಿನ ಮುಚ್ಚಳ ತೆಗೆಯುವ ಮೊದಲೇ ಕೇಳುತ್ತಾನೆ. ರೈಲ್ವೆ ಗೇಟು ಬಿದ್ದಾಗ ಪಕ್ಕದ ಆಟೋದವರು ತಲೆ ಹೊರಗೆ ಹಾಕಿ ಕೇಳುತ್ತಾರೆ. ಮೊನ್ನೆ ಸಂಜೆ ಪಾನಿಪುರಿ ಗಾಡಿಯ ಮುಂದೆ ನಿಂತಿದ್ದೆ. ನಮ್ಮೂರಿನ ಪಾನಿಗೆ ಬಣ್ಣವಿಲ್ಲ, ನೋಡಲು ಬರೀ ನೀರು, ಬಾಯಿಗೆ ಬಿದ್ದ ಮೇಲೆಯೇ ಅದರ ಖಾರ ಗೊತ್ತಾಗುವುದು. ಅದನ್ನು ತಿನ್ನಲೆಂದೇ ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದ ಗಂಡಹೆಂಡಿರು ನನ್ನ ಬೈಕನ್ನು ಒಂದು ಸುತ್ತು ಹಾಕಿ ನೋಡಿದರು. "ಹಿಮಾಲಯನ್ ಅಲ್ವಾ ಸಾರ್? ಲಡಾಖ್ ಮುಗಿಸಿದ್ರಾ?" ಎಂದರು. ಇಲ್ಲ, ಕಾಮಸಮುದ್ರಕ್ಕೆ ಹೋಗಿ ಬಂದೆ ಎಂದೆ. ಅವರು ನಕ್ಕರು. ನಾನು ನಗುವ ಮಾತಾಡಿರಲಿಲ್ಲ.

ಅವರು ಹಾಗೆ ಕೇಳುವುದು ಸಹಜ. ಬೈಕಿನ ಮೇಲೆ ಹೆಸರೇ ಹಾಗೆ ಬರೆದಿದೆ. ರಾಯಲ್ ಎನ್‌ಫೀಲ್ಡ್ ಈ ಬೈಕನ್ನು 2016ರಲ್ಲಿ ಮಾರುಕಟ್ಟೆಗೆ ಬಿಟ್ಟಾಗಿನಿಂದ ನಾವು ನೋಡಿದ ಚಿತ್ರಗಳಲ್ಲೆಲ್ಲ ಹಿಮ, ಪ್ರಾರ್ಥನೆಯ ಪತಾಕೆ, ನೀಲಿ ಆಕಾಶ. ಎತ್ತರದ ಮಡ್‌ಗಾರ್ಡು, 21 ಇಂಚಿನ ಮುಂಚಕ್ರ, ಟ್ಯಾಂಕಿನ ಎರಡೂ ಪಕ್ಕಕ್ಕೆ ಸಾಮಾನು ಕಟ್ಟುವ ಕಂಬಿ. ಇಂಥದ್ದನ್ನು ಅಡ್ವೆಂಚರ್ ಟೂರಿಂಗ್ ಬೈಕು ಎನ್ನುತ್ತಾರೆ. ಅಷ್ಟು ದೂರಕ್ಕೆಂದು ಮಾಡಿದ ಗಾಡಿಯನ್ನು ಇವರು ಇಲ್ಲೇ ಇಟ್ಟುಕೊಂಡಿದ್ದಾರಲ್ಲ ಎಂಬ ಸಣ್ಣ ಮರುಕ ಆ ಪ್ರಶ್ನೆಯೊಳಗಿದೆ. ನನಗೆ ಚುಚ್ಚುವುದು ಅದೇ. ಇಲ್ಲಿನ ನೆಲ ಅಂಥ ಬೈಕಿಗೆ ಸಾಲದು ಎಂದು ಯಾರು ಹೇಳಿದರು?

ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್‌ನ ಒಂದು ಲೈನ್ ಮನೆಯಲ್ಲಿ. ಅಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದರು. ಶಾಫ್ಟಿನೊಳಗೆ ಜನರನ್ನು ಕೇಜಿನಲ್ಲಿ ಇಳಿಸುವ, ಪಾಳಿ ಮುಗಿದ ಮೇಲೆ ಎತ್ತುವ ಕೆಲಸ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ತೆಲುಗು. ಸೈರನ್ ಕೂಗಿದರೆ ಬೀದಿಯ ತುಂಬ ಸೈಕಲ್ಲುಗಳು. ಆ ಸೈಕಲ್ಲುಗಳ ನಡುವೆ ಒಂದೇ ಒಂದು ಮೋಟಾರ್‌ಸೈಕಲ್ ಇತ್ತು, ನಮ್ಮ ಲೈನಿನ ಕೊನೆಯಲ್ಲಿದ್ದ ಸರ್ವೇಯರ್ ಮಾಮನದು. ಕೆಂಗಂದು ಬಣ್ಣದ ಜಾವಾ.

ಆ ಜಾವಾದ ಕಿಕ್ಕರ್ ನನಗೆ ಬಾಲ್ಯದ ದೊಡ್ಡ ವಿಸ್ಮಯ. ಮಾಮ ಅದನ್ನು ಒದ್ದು ಎಂಜಿನ್ ಎಬ್ಬಿಸಿದ ಮೇಲೆ ಅದೇ ಲಿವರನ್ನು ಒತ್ತಿ ಮುಂದಕ್ಕೆ ತಿರುಗಿಸುತ್ತಿದ್ದರು. ಒದೆಯುವ ಲಿವರೇ ಗೇರಿನ ಲಿವರಾಗುತ್ತಿತ್ತು. ಒಂದೇ ಕಬ್ಬಿಣದ ತುಂಡಿಗೆ ಎರಡು ಕೆಲಸ ಕೊಟ್ಟವನು ಯಾರಿರಬಹುದು ಎಂದು ನಾನು ಅದರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಮಾಮ ಅದನ್ನು ತೊಳೆಯುವಾಗ ಬಟ್ಟೆ ಹಿಂಡಿಕೊಡುವ ಕೆಲಸ ನನ್ನದು. ಕೂಲಿ ಅಂದರೆ ಉರಿಗಾಂ ಸ್ಟೇಷನ್ನಿನವರೆಗೆ ಟ್ಯಾಂಕಿನ ಮೇಲೆ ಒಂದು ಸವಾರಿ.

ಒಂದು ರಾತ್ರಿ ನೆಲ ನಡುಗಿತು. ಕೆಜಿಎಫ್‌ನವರಿಗೆ ಅದು ಹೊಸದಲ್ಲ. ಅಷ್ಟು ಆಳದಲ್ಲಿ ಬಂಡೆಯನ್ನು ಕೊರೆದು ತೆಗೆದ ಕಡೆ ಮೇಲಿನ ಭಾರಕ್ಕೆ ಬಂಡೆಯೇ ಸಿಡಿಯುತ್ತದೆ, ರಾಕ್‌ಬರ್ಸ್ಟ್ ಎನ್ನುತ್ತಾರೆ. ಮೇಲೆ ಮನೆಗಳಲ್ಲಿ ಪಾತ್ರೆ ಉರುಳುತ್ತವೆ, ಗೋಡೆಯ ಮಣ್ಣು ಉದುರುತ್ತದೆ. ಹೆಂಗಸರು ಬಾಗಿಲಿಗೆ ಬಂದು, ಯಾರ ಪಾಳಿ, ಯಾವ ಶಾಫ್ಟು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಅಂದು ರಾತ್ರಿ ಮಾಮ ಲುಂಗಿಯಲ್ಲೇ ಜಾವಾ ಎಬ್ಬಿಸಿ ಗಣಿಯ ಕಡೆ ಹೋದರು. ಅದರ ಎರಡು ಸೈಲೆನ್ಸರುಗಳ ಸದ್ದು ದೂರವಾಗುವುದನ್ನೂ, ಬಹಳ ಹೊತ್ತಿನ ಮೇಲೆ ಹತ್ತಿರವಾಗುವುದನ್ನೂ ಇಡೀ ಲೈನು ಎಚ್ಚರವಿದ್ದು ಕೇಳಿತು. ಹಿಂದಿನ ಸೀಟಿನಲ್ಲಿ ಅಪ್ಪ ಇದ್ದರು. ಬೈಕು ಅಂದರೆ ಮನುಷ್ಯರನ್ನು ಮನೆಗೆ ತಂದು ಬಿಡುವ ವಸ್ತು ಎಂಬುದು ನನ್ನೊಳಗೆ ಕೂತಿದ್ದು ಆಗಲೇ ಇರಬೇಕು.

ಆ ಜಾವಾ ನಮ್ಮ ರಾಜ್ಯದ್ದೇ ಕೂಸು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಝೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ 1961ರಿಂದ ತಯಾರಾಗುತ್ತಿತ್ತು. ಮುಂದೆ ಅದೇ ಕಾರ್ಖಾನೆಯ ಬೈಕುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಬೆಮೆಲ್‌ನಲ್ಲಿ ಕೆಲಸಕ್ಕೆ ಸೇರಿ ಸಂಬಳ ಕೈಗೆ ಬರತೊಡಗಿದಾಗ ಮೊದಲು ಕೊಂಡದ್ದು ಒಂದು ಸೆಕೆಂಡ್‌ಹ್ಯಾಂಡ್ ರೋಡ್‌ಕಿಂಗನ್ನೇ. ಬಂಕಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಅಳೆದು ಹಾಕಿಸಿ, ಬೈಕನ್ನು ಅತ್ತಿತ್ತ ಅಲ್ಲಾಡಿಸಿ ಬೆರೆಸಿಕೊಂಡು ಹೊರಟರೆ, ಹಿಂದೆ ನೀಲಿ ಹೊಗೆಯ ಒಂದು ಗೆರೆ. ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಿಂತು ಹಿಂತಿರುಗಿ ನೋಡುತ್ತೇನೆ.

ಮದುವೆಯಾಗಿ ಬಂಗಾರಪೇಟೆಗೆ ಮನೆ ಬದಲಾಯಿಸಿದ ಮೇಲೆ ದಿನವೂ ಕೆಜಿಎಫ್‌ಗೆ ಹೋಗಿ ಬರುವುದು ಬೈಕಿನಲ್ಲೇ. ಮಾರಿಕುಪ್ಪಂ ರೈಲು ಇತ್ತು. ಗಣಿಗಾಗಿಯೇ 1894ರಲ್ಲಿ ಹಾಕಿದ ಹಳಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ರೈಲಿನ ದಿಕ್ಕೇ ಬದಲಾಯಿತು. ಒಂದು ಕಾಲದಲ್ಲಿ ಜನರನ್ನು ಕೆಜಿಎಫ್‌ಗೆ ಕರೆತರುತ್ತಿದ್ದ ಗಾಡಿ ಈಗ ಕತ್ತಲಿರುವಾಗಲೇ ಅವರನ್ನು ಬೆಂಗಳೂರಿಗೆ ಒಯ್ದು, ಕತ್ತಲಾದ ಮೇಲೆ ವಾಪಸು ತಂದು ಬಿಡುತ್ತದೆ. ನನ್ನ ಜೊತೆ ಓದಿದವರು, ಆಡಿದವರು ಎಷ್ಟೋ ಜನ ಜೀವನದ ಅರ್ಧವನ್ನು ಆ ಬೋಗಿಗಳಲ್ಲಿ ನಿಂತೇ ಕಳೆದರು. ಬೆಳಿಗ್ಗೆ ನಾನು ಬೈಕಿನಲ್ಲಿ ಕೆಜಿಎಫ್ ಕಡೆಗೆ, ಅವರು ರೈಲಿನಲ್ಲಿ ಬೆಂಗಳೂರಿನ ಕಡೆಗೆ. ಕಿಟಕಿಯಿಂದ ಕೈ ಬೀಸುತ್ತಿದ್ದರು.

ರೋಡ್‌ಕಿಂಗ್ ಆದ ಮೇಲೆ ಮಕ್ಕಳ ಓದಿನ ಖರ್ಚಿನ ಕಾಲದಲ್ಲಿ ಒಂದು ಹೀರೋ ಹೋಂಡಾ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕಡಿಮೆ ಕುಡಿಯಿತು, ಚೆನ್ನಾಗಿ ದುಡಿಯಿತು. ಆಮೇಲೆ ಬುಲೆಟ್. ಬುಲೆಟ್ಟಿನಲ್ಲಿ ನಾನೂ ಮನೆಯವಳೂ ಮೈಸೂರು, ಚಿಕ್ಕಮಗಳೂರು, ಹಂಪಿ, ಕನ್ಯಾಕುಮಾರಿಯವರೆಗೂ ಹೋಗಿದ್ದೇವೆ. ಎಲ್ಲವೂ ಡಾಂಬರು. ಡಾಂಬರು ಎಲ್ಲಿಯವರೆಗೋ ಅಲ್ಲಿಯವರೆಗೆ ಲೋಕ ಎಂದು ನನ್ನ ಬೈಕುಗಳು ಇಷ್ಟು ವರ್ಷ ನನಗೆ ಕಲಿಸಿದ್ದವು.

ಬೆಮೆಲ್‌ನಲ್ಲಿ ನಾವು ಮಾಡುತ್ತಿದ್ದದ್ದು ಬುಲ್‌ಡೋಜರ್, ಎಕ್ಸ್‌ಕವೇಟರ್. ದಾರಿಯೇ ಇಲ್ಲದ ಕಡೆ ಹೋಗಿ ದಾರಿ ಮಾಡುವ ಯಂತ್ರಗಳು. ಅವುಗಳ ಚೈನಿನ ಕೊಂಡಿಗಳನ್ನೂ ರೋಲರುಗಳನ್ನೂ ಜೋಡಿಸುತ್ತ ನನ್ನ ಕೆಲಸದ ಕಾಲವೆಲ್ಲ ಕಳೆಯಿತು. ಗಡಿಯ ಗುಡ್ಡಗಳಲ್ಲಿ, ಕಲ್ಲಿದ್ದಲ ಗಣಿಗಳಲ್ಲಿ ಅವು ಏರುತ್ತಿಳಿಯುತ್ತಿರುವ ಚಿತ್ರಗಳು ಕ್ಯಾಂಟೀನಿನ ಗೋಡೆಯ ಮೇಲಿರುತ್ತಿದ್ದವು. ಊಟ ಮಾಡುತ್ತ ಅವನ್ನು ನೋಡುವಾಗ, ನಾನು ಜೋಡಿಸಿದ ಗಾಡಿ ಹೋಗುವ ಕಡೆ ನಾನು ಹೋಗಿಲ್ಲವಲ್ಲ ಎನಿಸುತ್ತಿತ್ತು.

ನಿವೃತ್ತಿಯ ವರ್ಷ ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಹತ್ತಿರವಿರುವ ಒಂದು ಹಳ್ಳಿಗೆ ಮದುವೆಯ ಊಟಕ್ಕೆ ಹೊರಟಿದ್ದೆ. ಜೊತೆಯಲ್ಲಿ ಕೆಲಸ ಮಾಡಿದವನ ಮಗಳ ಮದುವೆ. ಮಳೆಗೆ ರಸ್ತೆ ಕೊಚ್ಚಿಹೋಗಿತ್ತು. ಬುಲೆಟ್ಟನ್ನು ಹುಣಸೆಮರದ ಕೆಳಗೆ ನಿಲ್ಲಿಸಿ ನಡೆದೆ. ರಾಗಿ ತೆನೆ ಬಿಟ್ಟಿತ್ತು. ಬಂಡೆಗಳ ಸಂದಿಯಿಂದ ನೀರು ಇಳಿಯುತ್ತಿತ್ತು. ಒಂದು ಸಣ್ಣ ಕೆರೆ, ಅದರ ಕಟ್ಟೆಯ ಮೇಲೆ ವೀರಗಲ್ಲು, ಅದಕ್ಕೆ ಯಾರೋ ಅಂದು ಬೆಳಿಗ್ಗೆ ಇಟ್ಟ ಕುಂಕುಮ. ಇದೇ ತಾಲ್ಲೂಕಿನಲ್ಲಿ ಇಷ್ಟು ವರ್ಷ ಬದುಕಿ ನಾನು ಆ ಕೆರೆಯ ಹೆಸರನ್ನೂ ಕೇಳಿರಲಿಲ್ಲ. ಊಟ ಮುಗಿಸಿ ವಾಪಸು ಬರುವಷ್ಟರಲ್ಲಿ ನನಗೆ ಬೇರೆ ಬೈಕು ಬೇಕು ಎಂಬುದು ತೀರ್ಮಾನವಾಗಿತ್ತು.

ಮಗ ಫೋನಿನಲ್ಲಿ ಕೇಳಿದ, "ಅಪ್ಪಾ, ಈ ವಯಸ್ಸಿಗೆ ಅಡ್ವೆಂಚರಾ?" ವಯಸ್ಸಿಗೆ ಬೇಕಾದದ್ದೇ ಅದು. ಬೆನ್ನು ನೆಟ್ಟಗೆ ಇಟ್ಟು ಕೂರಬಹುದು. ಬೇಕೆಂದಾಗ ಎದ್ದು ನಿಂತು ಓಡಿಸಬಹುದು. ಗುಂಡಿ ಸಿಕ್ಕರೆ ಪೆಟ್ಟು ಸೊಂಟಕ್ಕೆ ಬರುವ ಮೊದಲು ಅದನ್ನು ತಿನ್ನಲು ಮುಂದೆ 200 ಮಿಲಿಮೀಟರು, ಹಿಂದೆ 180 ಮಿಲಿಮೀಟರು ಸಸ್ಪೆನ್ಷನ್ ಇದೆ. ನೆಲದಿಂದ ಎಂಜಿನ್ನಿನ ತಳ 220 ಮಿಲಿಮೀಟರು ಮೇಲೆ. ಮುಂಚಕ್ರ ಅಷ್ಟು ದೊಡ್ಡದೇಕೆ ಎಂದರೆ, ಚಕ್ರ ದೊಡ್ಡದಾದಷ್ಟೂ ಎದುರಿನ ಕಲ್ಲನ್ನು ಅದು ಕಡಿಮೆ ಇಳಿಜಾರಿನಲ್ಲಿ ಹತ್ತುತ್ತದೆ. ಸಣ್ಣ ಚಕ್ರ ಕಲ್ಲಿಗೆ ಡಿಕ್ಕಿ ಹೊಡೆಯುವ ಜಾಗದಲ್ಲಿ ದೊಡ್ಡದು ಉರುಳಿಕೊಂಡು ಹೋಗುತ್ತದೆ. ಎತ್ತಿನ ಗಾಡಿ ಮಾಡುತ್ತಿದ್ದ ಬಡಗಿಗಳಿಗೆ ಇದು ಗೊತ್ತಿತ್ತು.

ಇಂಥ ಬೈಕುಗಳ ಚರಿತ್ರೆ ದೂರದ್ದು. 1978ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಹೊರಟು ಸಹಾರಾ ದಾಟಿ ಸೆನೆಗಲ್‌ನ ಡಕಾರ್‌ವರೆಗೆ ಒಂದು ಓಟ ಶುರುವಾಯಿತು. ಮೊದಲ ಓಟವನ್ನು ಬೈಕಿನಲ್ಲಿ ಗೆದ್ದದ್ದು ಸಿರಿಲ್ ನೆವು ಎಂಬ ಫ್ರೆಂಚ್ ಯುವಕ, ಯಮಾಹಾ ಎಕ್ಸ್‌ಟಿ 500ರ ಮೇಲೆ. 1980ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್ 80 ಜಿ/ಎಸ್ ಎಂಬ ಬೈಕು ತಂದಿತು. ಹೆದ್ದಾರಿಯಲ್ಲೂ ಓಡುವ, ಮಣ್ಣಿನಲ್ಲೂ ನಡೆಯುವ ಭಾರಿ ಗಾಡಿ. ಮರುವರ್ಷವೇ ಅದು ಡಕಾರ್ ಗೆದ್ದಿತು. ಈಗಿನ ಅಡ್ವೆಂಚರ್ ಬೈಕುಗಳ ವಂಶವೃಕ್ಷ ಹಿಡಿದು ಹೋದರೆ ಬಹಳಷ್ಟು ಸಲ ಅಲ್ಲಿಗೇ ತಲಪುತ್ತೇವೆ. ನಮ್ಮಲ್ಲಿ ಹೀರೋ ಕಂಪನಿಯ ಇಂಪಲ್ಸ್ 2011ರಲ್ಲೇ ಬಂದಿತ್ತು. ಅಷ್ಟು ಎತ್ತರದ ಬೈಕನ್ನು ಏನು ಮಾಡುವುದೆಂದು ಜನಕ್ಕೆ ತಿಳಿಯಲಿಲ್ಲ. ಹಿಮಾಲಯನ್ ಬಂದ ಮೇಲೆ ತಿಳಿಯಿತು. 2019ರಲ್ಲಿ ಹೀರೋದೇ ಎಕ್ಸ್‌ಪಲ್ಸ್ ಬಂತು. ಬಿಎಂಡಬ್ಲ್ಯುವಿನ ಜಿ 310 ಜಿಎಸ್ ತಯಾರಾದದ್ದು ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ; ನಮಗೆ ಮಾಲೂರು ದಾಟಿದರೆ ಹೊಸೂರು. ಮುಚ್ಚಿಹೋದ ಯೆಜ್ಡಿಯ ಹೆಸರು 2022ರಲ್ಲಿ ಮತ್ತೆ ಬಂದಾಗ ಅದರಲ್ಲೂ ಅಡ್ವೆಂಚರ್ ಎಂಬ ಬೈಕೊಂದಿತ್ತು. ಮಾಮ ಇದ್ದಿದ್ದರೆ ಅದನ್ನು ನೋಡಲು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು.

ಡಕಾರ್ ಎಂದಾಗ ಒಂದು ಹೆಸರು ಹೇಳದಿರಲಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದು, ಕೋಮಾದಲ್ಲಿ ಇರಿಸಿ ಚಿಕಿತ್ಸೆ ಕೊಡಬೇಕಾಗಿ ಬಂದಷ್ಟು ಪೆಟ್ಟು ತಿಂದು, ಬದುಕಿ ಎದ್ದು ಬಂದರು. ಅವರು ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಎಂಬ ಮಣ್ಣಿನ ಶಾಲೆ ಇರುವುದು ನಮ್ಮ ಕೋಲಾರದ ಸೀಮೆಯಲ್ಲಿ. ನಮ್ಮ ಕೆಂಪುಮಣ್ಣು, ನಮ್ಮ ಗುಂಡುಬಂಡೆಗಳ ನಡುವೆ. ದೇಶದ ಬೇರೆಬೇರೆ ಕಡೆಯ ಹುಡುಗ ಹುಡುಗಿಯರು ಮಣ್ಣಿನಲ್ಲಿ ಬೈಕು ಓಡಿಸುವುದನ್ನು ಕಲಿಯಲು ಕೋಲಾರಕ್ಕೆ ಬರುತ್ತಾರೆ ಎಂಬುದು ನನಗೆ ತುಂಬ ಸಂತೋಷದ ವಿಷಯ. ಬರಗಾಲದ ಜಿಲ್ಲೆ ಎಂದೇ ಕರೆಸಿಕೊಂಡ ನೆಲ ಇದು. ಇದರ ಒಣ ಮಣ್ಣಿಗೂ ಒಂದು ವಿದ್ಯೆ ಇದೆಯೆಂದಾಯಿತು.

ಮಣ್ಣಿನ ಓಟ ಬಲ್ಲ ಹುಡುಗನೊಬ್ಬ ನನಗೆ ಹೇಳಿಕೊಟ್ಟ ಮೊದಲ ಪಾಠ, "ಸಾರ್, ಹ್ಯಾಂಡಲ್ ಬಿಗಿಯಾಗಿ ಹಿಡೀಬೇಡಿ. ಬೈಕನ್ನ ಮಂಡೀಲಿ ಹಿಡ್ಕೊಳ್ಳಿ. ಚಕ್ರ ನೋಡ್ಬೇಡಿ, ದೂರ ನೋಡಿ." ಫುಟ್‌ರೆಸ್ಟಿನ ಮೇಲೆ ಎದ್ದು ನಿಂತರೆ ಮೈಯ ಭಾರವೆಲ್ಲ ಕೆಳಗೆ ಅಂಗಾಲಿಗೆ ಇಳಿಯುತ್ತದೆ. ಬೈಕು ತನ್ನ ಪಾಡಿಗೆ ಕುಣಿಯುತ್ತದೆ, ನೀವು ಅಲ್ಲಾಡುವುದಿಲ್ಲ. ಎರಡನೆಯ ಗೇರಿನಲ್ಲಿ ಹಾಗೆ ನಿಂತು ಹೋಗುವಾಗ ಬೇಲಿಯ ಮೇಲಿಂದ ಹೊಲ ಕಾಣುತ್ತದೆ, ಹೊಲದಾಚೆ ಕೆರೆ ಕಾಣುತ್ತದೆ. ಇಷ್ಟು ವರ್ಷ ಕೂತು ನೋಡಿದ ತಾಲ್ಲೂಕನ್ನು ಈಗ ನಿಂತು ನೋಡುತ್ತಿದ್ದೇನೆ.

ಬೇಗ ಹೋಗುವ ಆಸೆ ಕರಗಿತು. ಈಗ ನಮ್ಮ ಬೇತಮಂಗಲದ ಪಕ್ಕದಲ್ಲೇ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಗಿದೆ. ದ್ವಿಚಕ್ರಗಳಿಗೆ ಅಲ್ಲಿ ಪ್ರವೇಶವಿಲ್ಲ. ಇರಲಿ. ಅದರ ಎರಡೂ ಬದಿಗಿರುವ ಊರುಗಳು ನನಗೆ ಸಾಕು. ಬೂದಿಕೋಟೆಗೆ ಹೋಗುತ್ತೇನೆ, ಹೈದರಾಲಿ ಹುಟ್ಟಿದ ಊರು ಎನ್ನುತ್ತಾರೆ. ಅಲ್ಲಿಂದ ಮಾರ್ಕಂಡೇಯ ಜಲಾಶಯದ ಅಂಚಿಗೆ. ಇನ್ನೊಂದು ದಿನ ಕಮ್ಮಸಂದ್ರದ ಕೋಟಿಲಿಂಗೇಶ್ವರದ ಹಿಂದಿನ ಹೊಲಗಳ ನಡುವೆ. ದಾರಿಯಲ್ಲಿ ಜಾಲಿಮುಳ್ಳು ಚುಚ್ಚಿಕೊಂಡರೆ ಇಳಿದು ಚಕ್ರ ಬಿಚ್ಚಿ ಟ್ಯೂಬು ಬದಲಾಯಿಸುತ್ತೇನೆ. ಯಾವ ಊರಾದರೂ ಸರಿ, ಹಾಗೆ ಕೂತವನ ಸುತ್ತ ಐದು ನಿಮಿಷದಲ್ಲಿ ನಾಲ್ಕು ಜನ ಸೇರುತ್ತಾರೆ, ಒಬ್ಬರು ನೀರು ತರುತ್ತಾರೆ, ಇನ್ನೊಬ್ಬರು ಪಂಪು ತರುತ್ತಾರೆ.

ಈ ದಾರಿಗಳ ನಿಜವಾದ ಯಜಮಾನರು ಹಾಲಿನವರು. ಅವರ ಬೈಕು ಟಿವಿಎಸ್ ಎಕ್ಸ್‌ಎಲ್. ಕ್ಲಚ್ಚಿಲ್ಲ, ಗೇರಿಲ್ಲ. ಹಿಂದೆ ಎರಡು ಕ್ಯಾನು, ಕಾಲಿನ ಮುಂದೆ ಹಿಂಡಿಯ ಮೂಟೆ, ಅದರ ಮೇಲೊಂದು ಹುಲ್ಲಿನ ಹೊರೆ. ಡೇರಿಗೆ ಹಾಲು ಹಾಕುವ ಹೊತ್ತು ಮೀರಬಾರದೆಂದು ಮಂಜಿನಲ್ಲೂ ಮಳೆಯಲ್ಲೂ ಕೆರೆಯ ಏರಿಯ ಮೇಲೆ, ಒಂದೊಂದು ಕಡೆ ಅಂಗೈ ಅಗಲ ಮಾತ್ರ ಉಳಿದ ಜಾಡಿನಲ್ಲಿ, ಒಂದು ತೊಟ್ಟು ತುಳುಕಿಸದೆ ಬರುತ್ತಾರೆ. ಅವರು ಮಣ್ಣನ್ನು ಓದುವುದನ್ನು ನೋಡಿ ನಾನು ಕಲಿತದ್ದು ಬಹಳ. ಕಪ್ಪಗೆ ಮಿನುಗುವ ಕಡೆ ಜಾರುತ್ತದೆ, ದನದ ಹೆಜ್ಜೆ ಆಳಕ್ಕಿಳಿದ ಕಡೆ ಹೂಳುತ್ತದೆ, ಗರಿಕೆ ಬೆಳೆದ ಕಡೆ ಗಟ್ಟಿ. ಒಮ್ಮೆ ಒಬ್ಬರು ತಮ್ಮ ಗಾಡಿ ನಿಲ್ಲಿಸಿ, "ಆ ಕಡೆ ಬ್ಯಾಡಣ್ಣ, ಕೆಸರೈತೆ. ತೋಪಿನ ಮಗ್ಗುಲಾಗೆ ಬಾ" ಎಂದು ನನ್ನ ಮುಂದೆ ಮುಂದೆ ದಾರಿ ತೋರಿಸುತ್ತ ಹೋದರು. ನನ್ನ 411 ಸಿಸಿ ಅವರ ಹಿಂದೆ ವಿನಯದಿಂದ ನಡೆಯಿತು.

ಕಾಮಸಮುದ್ರದ ಕಡೆ ಹೋಗುವುದಾದರೆ ಆನೆಯ ವಿಚಾರ ಮೊದಲು ಕೇಳಿಕೊಳ್ಳಬೇಕು. ತಮಿಳುನಾಡು, ಆಂಧ್ರದ ಕಾಡುಗಳಿಂದ ಹಿಂಡುಗಳು ಗಡಿ ದಾಟಿ ಬರುತ್ತವೆ. ರಾಗಿ, ಭತ್ತ ಕೊಯ್ಲಿಗೆ ಬಂದಾಗ ಇನ್ನೂ ಹೆಚ್ಚು. ಆ ಹಳ್ಳಿಗಳಲ್ಲಿ ರಾತ್ರಿ ಹೊಲ ಕಾಯುವವರು ಜೀವ ಕೈಯಲ್ಲಿ ಹಿಡಿದು ಕಾಯುತ್ತಾರೆ. ಟೀ ಅಂಗಡಿಯಲ್ಲಿ "ಇವತ್ತು ಬಂದವೆ" ಎಂದರೆ ನಾನು ಅಲ್ಲಿಂದಲೇ ಬೈಕು ತಿರುಗಿಸುತ್ತೇನೆ. ಅವರ ಪಾಡಿಗೂ ಆನೆಗಳ ಪಾಡಿಗೂ ನನ್ನ ಸದ್ದು ಸೇರಬೇಕಾಗಿಲ್ಲ.

ನೀರಿನ ಮಾತೂ ಹೇಳಬೇಕು. ನನ್ನ ನಡುವಯಸ್ಸಿನ ತುಂಬ ಬೇತಮಂಗಲದ ಕೆರೆ ಒಣಗಿಯೇ ಇದ್ದದ್ದು ನೆನಪು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯ ನೀರು ಅದು. ಒಂದು ಕಾಲದಲ್ಲಿ ಚಿನ್ನದ ಗಣಿಗೂ ಊರಿಗೂ ಅಲ್ಲಿಂದಲೇ ನೀರು ಏರಿಸುತ್ತಿದ್ದರು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. 2021ರ ಮಳೆ ಕೋಲಾರದ ಕೆರೆಗಳನ್ನು ತುಂಬಿಸಿ ಕೋಡಿ ಹರಿಸಿತು. ಸಂಸ್ಕರಿಸಿದ ನೀರಿನ ಗುಣದ ಬಗ್ಗೆ ರೈತರಿಗಿರುವ ಅನುಮಾನ ನ್ಯಾಯವಾದದ್ದೇ, ಅದನ್ನು ಇನ್ನೂ ಶುದ್ಧ ಮಾಡಿ ಕೊಡಲಿ ಎಂಬುದು ನನ್ನ ಮಾತೂ ಹೌದು. ಆದರೂ ತುಂಬಿದ ಕೆರೆಯ ಏರಿಯ ಮೇಲೆ ಮೊದಲ ಸಲ ಬೈಕು ನಿಲ್ಲಿಸಿದಾಗ ಹಿಂದೆ ಕೂತಿದ್ದ ಮನೆಯವಳು ನನ್ನ ಹೆಗಲು ಹಿಡಿದು, "ಇಷ್ಟು ಹತ್ರದಲ್ಲಿ ಇದೆಲ್ಲ ಇತ್ತಾ ರೀ?" ಎಂದಳು. ಕನ್ಯಾಕುಮಾರಿಯ ಮೂರು ಸಮುದ್ರ ನೋಡಿದಾಗಲೂ ಅವಳ ದನಿ ಹಾಗಿರಲಿಲ್ಲ.

ಎತ್ತರದ ದಾರಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಲಡಾಖ್‌ಗೆ ಹೋಗಿಬಂದ ಹುಡುಗರ ಮುಖದಲ್ಲಿ ಏನೋ ಬೆಳಕಿರುತ್ತದೆ, ಅವರು ಹೇಳುವುದನ್ನು ಕೂತು ಕೇಳುತ್ತೇನೆ. ಕೇಳುವಾಗ ಮಾತ್ರ ಅಪ್ಪ ನೆನಪಾಗುತ್ತಾರೆ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಪ್ಪ ಮೇಲೆ ಎಂಜಿನ್ನಿನ ಮುಂದೆ ಕೂತು, ಗಂಟೆಯ ಸದ್ದಿನ ಲೆಕ್ಕ ಕೇಳಿ, ಬ್ರೇಕು ಹಿಡಿದು ಬಿಟ್ಟು, ಕಣ್ಣಿಗೆ ಕಾಣದ ಆ ಜನರನ್ನು ಇಳಿಸುತ್ತಿದ್ದರು, ಏರಿಸುತ್ತಿದ್ದರು. ನಮ್ಮ ಬೀದಿಯ ಗಂಡಸರು ದಿನವೂ ಅಂಥ ಆಳಕ್ಕೆ ಹೋಗಿ ಬಂದು, ಕೈಕಾಲು ತೊಳೆದು, ಮಕ್ಕಳ ಲೆಕ್ಕದ ಪುಸ್ತಕ ನೋಡುತ್ತಿದ್ದರು. 1965ರಲ್ಲಿ ಅದೇ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣದ ಸುಳಿವನ್ನು ಲೋಕದಲ್ಲೇ ಮೊದಲ ಸಾಲಿನಲ್ಲಿ ಹಿಡಿದರು. ಸಾಹಸವನ್ನು ಹುಡುಕಿಕೊಂಡು ದೂರ ಹೋಗಬೇಕು ಎಂದು ಕೆಜಿಎಫ್‌ನಲ್ಲಿ ಹುಟ್ಟಿದವನಿಗೆ ಯಾಕೆ ಅನಿಸಬೇಕು?

ಅಪ್ಪ ಇಳಿಸಿದ ಆ ಜನ ಕೆಳಗಿನಿಂದ ಕಳಿಸಿದ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಪುಡಿಯನ್ನು ಊರ ನಡುವೆಯೇ ಸುರಿದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದದ್ದು ಈಗ ಸಾವಿರ ಎಕರೆಯ ಮೇಲೆ 13 ದಿಬ್ಬಗಳಾಗಿ ನಿಂತಿದೆ. ನಾವು ಸೈನೈಡ್ ದಿಬ್ಬ ಎನ್ನುತ್ತೇವೆ. ಅವುಗಳಲ್ಲಿ ಇನ್ನೂ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಯಾವಾಗ ಆಗುತ್ತದೋ, ಅದರಿಂದ ಊರಿನ ಹುಡುಗರಿಗೆ ಕೆಲಸ ಸಿಕ್ಕರೆ ನನಗಿಂತ ಸಂತೋಷಪಡುವವರಿಲ್ಲ.

ನಾನು ಈ ಬರಹಕ್ಕೆ ಕೂತದ್ದಕ್ಕೆ ಈ ದಿಬ್ಬಗಳೂ ಒಂದು ಕಾರಣ. 2018ರಲ್ಲಿ ಊರಿನ ಹೆಸರಿನ ಸಿನಿಮಾ ಬಂದ ಮೇಲೆ ಭಾನುವಾರಗಳಂದು ಬೈಕಿನವರು ಬರತೊಡಗಿದ್ದಾರೆ. ಒಳ್ಳೆಯ ಹುಡುಗರು. ಹೆಲ್ಮೆಟ್ಟು, ಮಂಡಿಯ ಕವಚ ಎಲ್ಲ ಹಾಕಿಕೊಂಡು ಶಿಸ್ತಾಗಿ ಬರುತ್ತಾರೆ. ದೂರದಿಂದ ಆ ದಿಬ್ಬಗಳನ್ನು ಕಂಡರೆ ಯಾವ ಅಡ್ವೆಂಚರ್ ಸವಾರನಿಗೂ ಕೈ ತುರಿಸುವುದು ಸಹಜ. ಬೋಳು ಇಳಿಜಾರು, ಮಳೆ ಕೊರೆದ ಸಂದುಗಳು, ನೆತ್ತಿಯ ಮೇಲೆ ಬರೀ ಆಕಾಶ. ನನ್ನ ಬೈಕಿಗೂ ಅವನ್ನು ಹತ್ತುವ ತಾಕತ್ತಿದೆ, ನನ್ನ ಕಾಲಿಗೂ ಇದೆ. ನಾನು ಹತ್ತುವುದಿಲ್ಲ.

ಯಾಕೆಂದರೆ ಮಳೆ ಬಿದ್ದು ಬಿಸಿಲಿಗೆ ಒಣಗಿ ಆ ಪುಡಿಯ ಮೇಲೆ ಒಂದು ತೆಳು ಹೆಪ್ಪು ಕಟ್ಟುತ್ತದೆ. ಅಲ್ಲಲ್ಲಿ ಹುಲ್ಲು, ಜಾಲಿ ಬೇರು ಬಿಟ್ಟು ಅದನ್ನು ಹಿಡಿದಿರುತ್ತವೆ. ಉಬ್ಬುಹಲ್ಲಿನ ಟೈರು ಒಂದು ಸಲ ಹತ್ತಿಳಿದರೆ ಆ ಹೆಪ್ಪು ಒಡೆಯುತ್ತದೆ. ಆಷಾಢದ ಗಾಳಿ ಎದ್ದಾಗ ಆ ಪುಡಿ ಎದ್ದು ಲೈನ್ ಮನೆಗಳ ಮೇಲೆ ಇಳಿಯುತ್ತದೆ. ಬಾಗಿಲು ಮುಚ್ಚಿದರೂ ಹಿಟ್ಟಿನ ಡಬ್ಬದೊಳಗೆ, ಮಲಗಿದ ಮಗುವಿನ ಹೊದಿಕೆಯ ಮೇಲೆ. ಕಲ್ಲಿನ ಪುಡಿ ಪುಪ್ಪುಸಕ್ಕೆ ಏನು ಮಾಡುತ್ತದೆಂದು ಕೆಜಿಎಫ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಲಿಕೋಸಿಸ್‌ನಿಂದ ರಾತ್ರಿಯೆಲ್ಲ ಕೆಮ್ಮಿದ ಗಂಡಸರ ಮನೆಗಳೇ ಅವು. ನಮ್ಮ ಸರ್ವೇಯರ್ ಮಾಮನೂ ಹಾಗೆ ಕೆಮ್ಮುತ್ತಲೇ ಹೋದರು. ಜಾವಾವನ್ನು ಒದೆಯಲು ಆಗದಷ್ಟು ಉಸಿರು ಕಟ್ಟತೊಡಗಿದ ದಿನ ಅದರ ಕೀಲಿಯನ್ನು ನನ್ನ ಕೈಗಿಟ್ಟು, "ನೀನೇ ಒಂದ್ ಸುತ್ತು ಹೋಗ್ಬಾ ಮಗ, ಸದ್ದು ಕೇಳ್ಬೇಕು" ಎಂದಿದ್ದರು.

ಆದ್ದರಿಂದ ಬೈಕಿನ ಗೆಳೆಯರಲ್ಲಿ ಕೈಮುಗಿದು ಕೇಳುತ್ತೇನೆ. ಕೆಜಿಎಫ್‌ಗೆ ಬನ್ನಿ. ರಾಬರ್ಟ್‌ಸನ್‌ಪೇಟೆಯಲ್ಲಿ ತಿಂಡಿ ತಿನ್ನಿ, ಚಾಂಪಿಯನ್ ರೀಫ್‌ನ ಬೀದಿಗಳಲ್ಲಿ ಬೈಕು ನಿಲ್ಲಿಸಿ ವಯಸ್ಸಾದವರನ್ನು ಮಾತಾಡಿಸಿ, ಅವರ ಹತ್ತಿರ ಹೇಳಲು ಬೇಕಾದಷ್ಟಿದೆ. ಮಣ್ಣಿನ ದಾರಿ ಬೇಕೆಂದರೆ ಬೇತಮಂಗಲದ ಕಡೆ, ಬೂದಿಕೋಟೆಯ ಕಡೆ ದಿನವಿಡೀ ಓಡಿಸಿದರೂ ಮುಗಿಯದಷ್ಟಿದೆ. ಹೊಲಕ್ಕೆ ಚಕ್ರ ಇಳಿಸದೆ, ಹಾಲಿನವರಿಗೆ ದಾರಿ ಬಿಟ್ಟು ಹೋಗಿ. ಸೈನೈಡ್ ದಿಬ್ಬಗಳನ್ನು ಮಾತ್ರ ಹತ್ತಬೇಡಿ. ಅವುಗಳ ಕೆಳಗೆ ಇನ್ನೂ ಜನ ಮನೆ ಮಾಡಿಕೊಂಡಿದ್ದಾರೆ.